ಕಾರ್ಬನ್ ಡೈಆಕ್ಸೈಡ್ ಹಿಡಿದು ಮತ್ತೆ ಇಂಧನ ಮಾಡಬಹುದಾ?

ಮಾಡಬಹುದು, ಆದರೆ ಪುಕ್ಕಟೆಯಾಗಿ ಅಲ್ಲ. ಕಾರ್ಬನ್ ಡೈಆಕ್ಸೈಡ್ ಅಂದರೆ ಆಗಲೇ ಉರಿದು ಮುಗಿದ ಇಂಗಾಲ. ಅದು ಮತ್ತೆ ಉರಿಯಬೇಕಾದರೆ ಹೊರಗಿನಿಂದ ಶಕ್ತಿ ತುಂಬಲೇಬೇಕು, ಸಾಮಾನ್ಯವಾಗಿ ಹೈಡ್ರೋಜನ್ ರೂಪದಲ್ಲಿ.

ಬಯೋಗ್ಯಾಸನ್ನೇ ನೋಡಿ. ಸಗಣಿ, ಬೆಳೆಯ ಕಸ ಕೊಳೆತು ಬರುವ ಈ ಅನಿಲದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಮೀಥೇನ್, ಅಂದರೆ ಉರಿಯುವ ಅನಿಲ. ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಅದನ್ನು ಸುಮ್ನೆ ಗಾಳಿಗೆ ಬಿಡುವ ಬದಲು ಹೈಡ್ರೋಜನ್ ಬೆರೆಸಿ, ಸುಮಾರು 300–400 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನಿಕಲ್ ಮೇಲೆ ಹಾಯಿಸಿದರೆ ಅದೂ ಮೀಥೇನ್ ಆಗುತ್ತದೆ, ಜೊತೆಗೆ ನೀರು. ನಿಕಲ್ ಬದಲು ತಾಮ್ರದ ವೇಗವರ್ಧಕ (ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಬಳಸಿದರೆ ಮೆಥನಾಲ್ ಅನ್ನುವ ದ್ರವ ಇಂಧನ ಸಿಗುತ್ತದೆ. ಅದರಿಂದ ಅಂಟು, ಪ್ಲಾಸ್ಟಿಕ್ ಕೂಡ ಮಾಡಬಹುದು.

ನನ್ನ ಪ್ರಕಾರ ಮೊದಲು ಕೇಳಬೇಕಾದ್ದು, ಹೈಡ್ರೋಜನ್ ಎಲ್ಲಿಂದ ಬಂತು ಅಂತ. ಬಿಸಿಲು, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ತೆಗೆದಿದ್ದರೆ ಸರಿ. ಕಲ್ಲಿದ್ದಲಿನ ಕರೆಂಟಾದರೆ ಹಿಡಿದದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ ಆಗುತ್ತದೆ, ಅಲ್ವಾ?