ಚಿಕ್ಕ ಸಭೆಯಲ್ಲಿ ಕಾಣಿಕೆ ಲೆಕ್ಕ ಕೇಳಿದರೆ "ನಂಬಿಕೆ ಇಲ್ವಾ" ಅಂತಾರೆ. ಸುಮ್ನೆ ಇರಲಾ, ಬೇರೆ ಸಭೆಗೆ ಹೋಗಲಾ?

ಮೂವತ್ತು ಮನೆಯ ಬ್ಯಾಪ್ಟಿಸ್ಟ್ ಸಭೆ (ಚರ್ಚ್), ದುಡ್ಡೆಲ್ಲ ಒಬ್ಬರ ಕೈಯಲ್ಲಿ, ಕೇಳಿದರೆ "ನಂಬಿಕೆ ಇಲ್ವಾ ಬ್ರದರ್" ಅನ್ನುವ ಮಾತು. ನಿಮ್ಮ ಪ್ರಶ್ನೆ ಓದುವಾಗ ನಮ್ಮ ಸಭೆಯ ಬಗ್ಗೆ ಯಾರೋ ಬರೆದಿದ್ದಾರೆ ಅನ್ನಿಸಿತು.

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ಹಣ್ಣು ಕುಯ್ದವರ ಕೆಜಿ ಲೆಕ್ಕ ಹಾಕುವುದು, ಬಟವಾಡೆ ಮಾಡುವುದು ನನ್ನ ಕೆಲಸ. ನಮ್ಮ ಸಭೆ ಅಂದರೆ ತಗಡಿನ ಮಾಡಿನ ಒಂದು ಹಾಲ್, ಅರ್ಧ ಜನ ತೋಟದ ಕೆಲಸಗಾರರ ಲೈನ್ ಮನೆಯವರು, ಪ್ರಸಂಗ ಕನ್ನಡದಲ್ಲಿ, ಹಾಡು ಜಾಸ್ತಿ ತಮಿಳಿನಲ್ಲಿ, ಮಳೆ ಜೋರಾದರೆ ಎರಡೂ ಕೇಳಿಸುವುದಿಲ್ಲ. ದುಡ್ಡು ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯ ಡೀಕನ್, ಅಂದರೆ ಪಾಸ್ಟರ್ ಜೊತೆ ಸಭೆಯ ಕೆಲಸ ನೋಡಿಕೊಳ್ಳುವವರು. ನಾವೆಲ್ಲ ಅವರನ್ನು ಮಾಮ ಅಂತ ಕರೆಯುತ್ತಿದ್ದೆವು. ಒಂದು ಜನವರಿಯ ಬೆಳಿಗ್ಗೆ ಹೊಳೆಯಲ್ಲಿ ನನ್ನ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದಾಗ ಪಾಸ್ಟರ್ ಒಂದು ಕಡೆ, ಮಾಮ ಒಂದು ಕಡೆ ನಿಂತು ನನ್ನನ್ನು ಹಿಡಿದುಕೊಂಡಿದ್ದರು. ನಡುಗುತ್ತಾ ದಡಕ್ಕೆ ಬಂದಾಗ ಕಂಬಳಿ ಹೊದಿಸಿದ್ದೂ ಅವರೇ.

2018ರ ಆಗಸ್ಟ್ ನೆನಪಿರಬಹುದು. ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿ ಮನೆ, ತೋಟ, ರಸ್ತೆ ಎಲ್ಲ ಹೋದ ವರ್ಷ. ಹೊರಗಿನ ಸಭೆಗಳಿಂದ ನಮಗೆ ಅಕ್ಕಿ, ಕಂಬಳಿ, ಟಾರ್ಪಾಲು ಬಂತು, ದುಡ್ಡೂ ಬಂತು. ಎಲ್ಲವನ್ನೂ ಹಂಚಿದ್ದು ಮಾಮ. ಅಕ್ಟೋಬರಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಾ ಅಂತ ನನ್ನ ಕೈಗೆ ಕೊಟ್ಟರು. ಹಾಲಿನ ಬೀರುವಿನಲ್ಲಿದ್ದ ಲೆಕ್ಕದ ಪುಸ್ತಕ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. 18,000 ರೂಪಾಯಿ ತಾಳೆ ಆಗಲಿಲ್ಲ.

ಮಾಮನ ಮನೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಗುರುವಾರದ ಮನೆ ಪ್ರಾರ್ಥನೆಗೆ ಅವರು ಬಂದಿರಲಿಲ್ಲ. ಅಲ್ಲಿ, "ಸಭೆಯ ಹಣದ ವಿಷಯ ಪ್ರಾರ್ಥನೆಯಲ್ಲಿ ಇಟ್ಟುಕೊಳ್ಳಿ, ನನ್ನ ಮನಸ್ಸಿಗೆ ಭಾರ ಇದೆ" ಅಂದೆ.

ಹೆಸರು ಹೇಳಲಿಲ್ಲ ಅಂತ ಆಗ ಸಮಾಧಾನ ಮಾಡಿಕೊಂಡಿದ್ದೆ. ಹಣ ನೋಡುವವರು ಒಬ್ಬರೇ ಇರುವಾಗ ಹೆಸರು ಬೇರೆ ಬೇಕಾ? ನೇರವಾಗಿ ಕೇಳಿದ್ದರೆ ಮಾಮ ಉತ್ತರ ಕೊಡುತ್ತಿದ್ದರು. ಸಭೆಯ ಮುಂದೆ ದೂರು ಕೊಟ್ಟಿದ್ದರೂ "ಏನು ಆಧಾರ" ಅಂತ ಯಾರಾದರೂ ನನ್ನನ್ನು ಕೇಳುತ್ತಿದ್ದರು. ಪ್ರಾರ್ಥನೆ ವಿಷಯ ಅಂದಾಗ ಯಾರೂ ಏನೂ ಕೇಳುವುದಿಲ್ಲ, ಕಣ್ಣು ಮುಚ್ಚಿ ಆಮೆನ್ ಅನ್ನುತ್ತಾರೆ, ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ ಮಾತಾಡುತ್ತಾರೆ. ನನಗೆ ಬೇಕಾಗಿದ್ದೂ ಅದೇ. ನನ್ನ ಲೆಕ್ಕ ಸರಿಯಾದರೆ ಮೊದಲು ಕಂಡುಹಿಡಿದವನು ನಾನು, ತಪ್ಪಾದರೆ ನಾನು ಬರೀ ಪ್ರಾರ್ಥನೆ ಕೇಳಿದವನು. ಮಾಮನ ಎದುರು ನಿಂತು ಕೇಳುವ ಧೈರ್ಯ ಇರಲಿಲ್ಲ, ಬಾಯಿ ಮುಚ್ಚಿಕೊಂಡಿರುವ ತಾಳ್ಮೆಯೂ ಇರಲಿಲ್ಲ, ಅದಕ್ಕೆ ದೇವರ ಹೆಸರನ್ನು ಅಡ್ಡ ಇಟ್ಟುಕೊಂಡೆ. ಭಾನುವಾರದ ಹೊತ್ತಿಗೆ ಮಾತು ಲೈನ್ ಮನೆಗಳಿಗೆ ಹೋಗಿತ್ತು. ಇನ್ನೊಂದು ವಾರಕ್ಕೆ ಹದಿನೆಂಟು ಸಾವಿರ ಎಂಬತ್ತು ಸಾವಿರ ಆಗಿ, ಪೇಟೆಯ ಅಂಗಡಿಯವರು ನನ್ನನ್ನೇ ವಿಚಾರಿಸಿದರು. ಮಾಮ ಬಂದು "ನೀನಾ ಹೇಳಿದ್ದು?" ಅಂತ ಕೇಳಿದಾಗ "ನಾನು ಪ್ರಾರ್ಥನೆಗೆ ಮಾತ್ರ ಹೇಳಿದ್ದು ಮಾಮ" ಅಂದೆ. ಅದು ಸುಳ್ಳು.

ಸದಸ್ಯರ ಸಭೆ ಕರೆದರು. ಮಾಮ ಎದ್ದು, ಆ ದುಡ್ಡು ಒಂದು ಮನೆಯ ಆಸ್ಪತ್ರೆ ಬಿಲ್ಲಿಗೆ ಹೋಯಿತು, ಹೆಸರು ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ ಅಂದರು. ಜನ ಗುಸುಗುಸು ಶುರು ಮಾಡಿದರು. ಆಗ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು "ಅದು ನನ್ನ ಮಗಳಿಗೆ" ಅಂದರು. ಯಾಕೆ ಆಸ್ಪತ್ರೆಗೆ ಸೇರಿಸಿದ್ದು ಅನ್ನುವುದನ್ನೂ ಹೇಳಬೇಕಾಗಿ ಬಂತು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಊರ ಮುಂದೆ ಯಾವ ತಾಯಿಯೂ ಹೇಳಬಾರದಿದ್ದ ವಿಷಯ ಅದು. ಆ ಅಕ್ಕ ಮತ್ತೆ ಸಭೆಗೆ ಬರಲಿಲ್ಲ. ಮಾಮ ಅದೇ ತಿಂಗಳು ಬೀರುವಿನ ಕೀಲಿ ಪಾಸ್ಟರ್ ಕೈಗೆ ಕೊಟ್ಟರು. ನಾನು ಕ್ಷಮೆ ಕೇಳಲು ಹೋಗಿದ್ದು ಐದು ತಿಂಗಳಾದ ಮೇಲೆ. ಕ್ಷಮಿಸಿದ್ದೇನೆ ಅಂದರು, ಆದರೆ ಬಾಗಿಲಲ್ಲೇ ನಿಂತು ಮಾತಾಡಿದರು. ಮೊದಲೆಲ್ಲ ಕಾಫಿ ಕುಡಿಯದೆ ಆ ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ.

ಇದನ್ನು ಓದಿ ಲೆಕ್ಕ ಕೇಳುವುದೇ ತಪ್ಪು ಅಂದುಕೊಳ್ಳಬೇಡಿ. ಮಾಮನದೂ ತಪ್ಪಿತ್ತು. ಗುಟ್ಟಿನ ಸಹಾಯವನ್ನೂ ಹೆಸರಿಲ್ಲದೆ "ಸಹಾಯ 18,000" ಅಂತ ಬರೆದು ಇನ್ನೊಬ್ಬ ಡೀಕನ್ ಕೈಲಿ ಸಹಿ ಹಾಕಿಸಬಹುದಿತ್ತು. "ನಂಬಿಕೆ ಇಲ್ವಾ" ಅನ್ನುವವರಿಗೆ ಬೈಬಲಿನಲ್ಲಿ ಅಪೊಸ್ತಲ ಪೌಲ ಬರೆದ 2 ಕೊರಿಂಥ ಪತ್ರದ ಎಂಟನೇ ಅಧ್ಯಾಯ ಓದಲು ಹೇಳಿ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಪೌಲ ಒಬ್ಬನೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದ ಸಹೋದರನನ್ನು ಜೊತೆಗೆ ಸೇರಿಸಿಕೊಂಡ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಯವರಿಗೆ, ಕ್ಯಾಥೊಲಿಕ್‌ನವರಿಗೆ ಮೇಲೆ ಬಿಷಪ್ ಇದ್ದಾರೆ. ನಮ್ಮಲ್ಲಿ ಸ್ಥಳೀಯ ಸಭೆಯೇ ಕೊನೆ, ದೀಕ್ಷಾಸ್ನಾನ ತೆಗೆದುಕೊಂಡ ಸದಸ್ಯರೇ ಕೈ ಎತ್ತಿ ತೀರ್ಮಾನ ಮಾಡಬೇಕು. ಹಾಗಾಗಿ ನೀವು ಕೇಳದಿದ್ದರೆ ಕೇಳುವವರು ಬೇರೆ ಯಾರೂ ಇಲ್ಲ. ಬಂಗಾಳದ ಸೇರಾಂಪುರದಲ್ಲಿದ್ದ ಬ್ಯಾಪ್ಟಿಸ್ಟ್ ಮಿಷನರಿಗಳಾದ ಕೇರಿ, ಮಾರ್ಷ್‌ಮನ್, ವಾರ್ಡ್ ದುಡಿದದ್ದನ್ನೆಲ್ಲ ಒಂದೇ ನಿಧಿಗೆ ಹಾಕಿ ಒಂದೇ ಮನೆಯವರ ಹಾಗೆ ಬದುಕಿದವರು. ಅಂಥವರ ಕೆಲಸಕ್ಕೂ ಅವರನ್ನು ಕಳಿಸಿದ್ದ ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿಗೂ ಆಸ್ತಿ ಯಾರ ಹಿಡಿತದಲ್ಲಿ ಅನ್ನುವ ಜಗಳ ಬಂದು 1827ರಲ್ಲಿ ಬೇರೆಯಾದರು, ಮತ್ತೆ ಕೂಡಿದ್ದು 1837ರಲ್ಲಿ. ಒಳ್ಳೆಯವರು ಅನ್ನುವ ಕಾರಣಕ್ಕೆ ಲೆಕ್ಕ ಬಿಡಬಾರದು.

ನಮ್ಮಲ್ಲಿ 2019ರಿಂದ ಆರಾಧನೆ ಮುಗಿದ ತಕ್ಷಣ, ಜನ ಇನ್ನೂ ಹಾಲಿನಲ್ಲಿರುವಾಗಲೇ, ಬೇರೆ ಬೇರೆ ಮನೆಯ ಇಬ್ಬರು ಕಾಣಿಕೆ ಎಣಿಸಿ ಸಹಿ ಹಾಕುತ್ತಾರೆ. ಬ್ಯಾಂಕಿನಲ್ಲಿ ಎರಡು ಸಹಿ ಬೇಕು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಆದ ಮೇಲೆ ಲೆಕ್ಕ ಓದುತ್ತೇವೆ, ಹತ್ತು ನಿಮಿಷದ ಕೆಲಸ. ಇದರಿಂದ ಯಾರ ವಿಶ್ವಾಸವೂ ಕಡಿಮೆ ಆಗಿಲ್ಲ, ಬ್ರದರ್.

ಸುಮ್ನೆ ಇರಲಾ, ಹೋಗಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಒಂದೇ, ಎರಡರಲ್ಲೂ ನೀವು ಅವರನ್ನು ಕೇಳುವುದೇ ಇಲ್ಲ. ಮಡಿಕೇರಿಯ ದೊಡ್ಡ ಸಭೆಗೆ ಹೋದರೆ ಅನುಮಾನವೂ ನಿಮ್ಮ ಜೊತೆಗೇ ಬರುತ್ತದೆ. ಮತ್ತಾಯ ಹದಿನೆಂಟರಲ್ಲಿ ಯೇಸು ಹೇಳಿದ ಕ್ರಮ ಇದೆಯಲ್ಲ, ಮೊದಲು ಒಬ್ಬರೇ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಕೊನೆಗೆ ಸಭೆಯ ಮುಂದೆ. ಮೂರನ್ನೂ ಮಾಡಿ, ಆಗಲೂ ಪುಸ್ತಕ ತೋರಿಸದಿದ್ದರೆ ಕಾರಣ ಎಲ್ಲರೆದುರು ಹೇಳಿ ಹೊರಡಿ.

ಈ ವಾರವೇ ಒಂದು ಸಂಜೆ ಅವರ ಮನೆಗೆ ಹೋಗಿ. ಫೋನ್ ಬೇಡ, ವಾಟ್ಸಾಪ್ ಅಂತೂ ಬೇಡವೇ ಬೇಡ. ಹೋಗುವ ಮುಂಚೆ ಮನೆಯವರಿಗೂ ಹೇಳಬೇಡಿ, ಪ್ರಾರ್ಥನೆ ಕೂಟದಲ್ಲಿ ಮೊದಲೇ ಹೇಳಬೇಡಿ. ನಿಮಗೆ ತಾಳೆ ಆಗದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಎದುರು ಕೂತಾಗ ಗಂಟಲು ಕಟ್ಟುತ್ತದೆ. ಅವರು ಕಾಫಿ ಕೊಟ್ಟರೆ ಕುಡಿದು, ಆಮೇಲೆ ಚೀಟಿ ತೆಗೆಯಿರಿ.