ಶಹಾಬಾದ್ ಕಲ್ಲು ಹೊರುವ ಲಾರಿಯ ಗೇರನ್ನು ದ್ರವ ನೈಟ್ರೋಜನ್‌ನಲ್ಲಿ ತಣಿಸಿದರೆ ಬಾಳಿಕೆ ಹೆಚ್ಚುತ್ತಾ?

ಹೌದು, ಗೇರ್ ಗಟ್ಟಿಯಾಗಿಸಿದ ಉಕ್ಕಿನದಾಗಿದ್ದರೆ ಸವೆತ ಕಡಿಮೆಯಾಗುತ್ತದೆ.

ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಅದು ಪೂರ್ತಿ ಗಟ್ಟಿ ರೂಪಕ್ಕೆ, ಅಂದರೆ ಮಾರ್ಟೆನ್ಸೈಟ್‌ಗೆ, ತಿರುಗುವುದಿಲ್ಲ. ಇಂಗಾಲ ಜಾಸ್ತಿ ಇರುವ ಹಲ್ಲಿನ ಮೇಲ್ಪದರದಲ್ಲಿ ಉಕ್ಕಿನ ಮೆತ್ತಗಿನ ರೂಪವಾದ ಆಸ್ಟೆನೈಟ್ ಸ್ವಲ್ಪ ಉಳಿದುಬಿಡುತ್ತದೆ. ಅದು ಬದಲಾಗಬೇಕಾದರೆ ತಾಪ ಇನ್ನೂ ಇಳಿಯಬೇಕು. ಸುಮ್ನೆ ಕಾದರೆ ಆಗದು. ಕಲಬುರಗಿಯ ಡಿಸೆಂಬರ್ ಚಳಿ ಯಾವ ಲೆಕ್ಕ, ಅಲ್ವಾ? ಅದಕ್ಕೇ ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ ನೈಟ್ರೋಜನ್ ಬಳಸುತ್ತಾರೆ.

ಗೇರನ್ನು ಸೀದಾ ಮುಳುಗಿಸಬಾರದು, ಬಿರುಕು ಬಿಡಬಹುದು. ನಿಧಾನವಾಗಿ ತಣಿಸಿ, ಸಾಮಾನ್ಯವಾಗಿ ಒಂದು ದಿನ ಹಾಗೇ ಇಟ್ಟು, ಆಮೇಲೆ 150–200 ಡಿಗ್ರಿಗೆ ಕಾಯಿಸುತ್ತಾರೆ. ಈ ಕೊನೆಯ ಕಾಯಿಸುವಿಕೆಯನ್ನು ದಯವಿಟ್ಟು ಬಿಡಬೇಡಿ. ಬಿಟ್ಟರೆ ಹಲ್ಲು ಪೆಡಸಾಗಿ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಆಗಲೇ ಸವೆದ ಗೇರಿಗೆ ಇದರಿಂದ ಉಪಯೋಗವಿಲ್ಲ.