ಪುಸ್ತಕದಲ್ಲಿ ಅವಳ ಹೆಸರಿದ್ದರೆ ಸಾಕೇ?

ಪ್ರಶ್ನೆ: ಹೆಂಗಸರು ಹುಟ್ಟಾ ಪರಿಸರಪ್ರೇಮಿಗಳಲ್ಲವೇ?

ಅಲ್ಲ. ಕೊಡ ಹೊರುವವರಿಗೆ ಬಾವಿ ಬತ್ತಿದ್ದು ಮೊದಲು ಗೊತ್ತಾಗುತ್ತದೆ, ಅಷ್ಟೇ.

ಪ್ರಶ್ನೆ: ನಮ್ಮ ಪಂಚಾಯಿತಿಯ ಬಹುತೇಕ ಬಿಪಿಎಲ್ ಮನೆಗಳಿಗೆ ಕೇಂದ್ರ ಸರ್ಕಾರದ ಉಜ್ವಲಾ ಯೋಜನೆಯ ಗ್ಯಾಸ್ ಬಂದಿದೆ, ಎಲ್ಲವೂ ಮಹಿಳೆಯರ ಹೆಸರಿನಲ್ಲಿ. ಆದರೂ ಸೌದೆ ಬಿಟ್ಟಿಲ್ಲ. ಒಲೆ ಅಡುಗೆಯೇ ರುಚಿ ಅಂತಾರೆ. ಲಿಂಗ ಸಮಾನತೆಯ ಲೆಕ್ಕದಲ್ಲಿ ಯೋಜನೆ ಗೆದ್ದಿದೆ ಎಂದು ವರದಿ ಬರೆಯಬಹುದು ತಾನೇ?

ಈ ರುಚಿಯ ಮಾತನ್ನು ದಯವಿಟ್ಟು ಇನ್ಯಾರೂ ನನಗೆ ಬರೆಯಬೇಡಿ. ಹೊಗೆ ಕುಡಿಯುವವಳನ್ನು ಬಿಟ್ಟು ಉಣ್ಣುವವನನ್ನು ಕೇಳಿದರೆ ಸಿಗುವ ಉತ್ತರ ಅದು.

2016ರ ಮೇ 1ರಂದು ಶುರುವಾದ ಯೋಜನೆ 2019ರ ಸೆಪ್ಟೆಂಬರ್‌ಗೆ 8 ಕೋಟಿ ಸಂಪರ್ಕ ಮುಟ್ಟಿತು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ಅದೇ ವರ್ಷದ ವರದಿ ಎಣಿಸಿದ್ದು ಬೇರೆಯದನ್ನು: ಸಂಪರ್ಕ ಪಡೆದು ವರ್ಷ ದಾಟಿದವರು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್ ತುಂಬಿಸಿದ್ದರು. ಐದು ಜನರ ಮನೆಗೆ ನಾಲ್ಕು ತಿಂಗಳಿಗೊಂದು ಸಿಲಿಂಡರ್! ಮಿಕ್ಕ ದಿನದ ಅನ್ನ ಎಲ್ಲಿ ಬೆಂದಿತು?

ಸಿಲಿಂಡರ್‌ಗೆ ಪೂರ್ತಿ ದುಡ್ಡು ಒಟ್ಟಿಗೇ ಎಣಿಸಬೇಕು. 300 ರೂಪಾಯಿ ಸಬ್ಸಿಡಿ ಖಾತೆಗೆ ಬೀಳುವುದು ಆಮೇಲೆ. ಸೌದೆಗೆ ನಗದು ಬೇಡ, ತರುವವಳಿಗೆ ಯಾರೂ ಕೂಲಿ ಕಟ್ಟುವುದಿಲ್ಲ. ಗ್ಯಾಸ್ ಪುಸ್ತಕದಲ್ಲಿ ಹೆಸರು ಅವಳದ್ದೇ, ಆದರೆ ಬಹಳ ಕಡೆ ಬುಕಿಂಗ್ ಆಗುವುದು ಗಂಡನ ಮೊಬೈಲಿಂದ, ಓಟಿಪಿ ಬರುವುದೂ ಅದಕ್ಕೇ.

ಅಂಕಿಅಂಶದ ಫೈಲು ಮುಚ್ಚಿಟ್ಟು ಹಿತ್ತಲಿಗೆ ಹೋಗಿ. ಸೂರಿನಡಿ ಸೌದೆ ಪೇರಿಸಿರುತ್ತದೆ, ಬಚ್ಚಲ ಹಂಡೆಯ ತಳದಲ್ಲಿ ಹೊಸ ಮಸಿ ಇರುತ್ತದೆ. ಚಹಾಕ್ಕೆ, ನೆಂಟರು ಬಂದಾಗ ಗ್ಯಾಸ್. ಮುದ್ದೆಗೆ, ಬಿಸಿನೀರಿಗೆ ಒಲೆ. ಕೊನೆಯ ಸಿಲಿಂಡರ್ ಬಂದದ್ದು ಯಾವಾಗ, ದುಡ್ಡು ಕೊಟ್ಟವರು ಯಾರು ಎಂದು ಅವಳನ್ನೇ ಕೇಳಿ, ಜಗಲಿಯಲ್ಲಿ ಗಂಡಸರಿಲ್ಲದ ಹೊತ್ತಿನಲ್ಲಿ. ಯೋಜನೆ ವ್ಯರ್ಥ ಅನ್ನುತ್ತಿಲ್ಲ. ಗ್ಯಾಸ್ ಹಚ್ಚಿದಷ್ಟು ಹೊತ್ತು ಹೊಗೆ ತಪ್ಪಿತು. ಆದರೆ ‘ಗ್ಯಾಸ್ ಕೊಟ್ಟಾಯಿತಲ್ಲ’ ಎಂದು ಕಾಡಿಗೆ ಹೋಗುವ ದಾರಿ ಮುಚ್ಚಿದಿರೋ, ಸಿಕ್ಕಿಬಿದ್ದು ದಂಡ ಕಟ್ಟುವವಳು ತಲೆಮೇಲೆ ಹೊರೆ ಹೊತ್ತವಳೇ. ಅದನ್ನೂ ನಿಮ್ಮ ವರದಿಯಲ್ಲಿ ಬರೆಯಿರಿ.

ಪ್ರಶ್ನೆ: ಯೋಜನೆಯಿಂದ ಹೆಂಗಸರಿಗೆ, ಗಂಡಸರಿಗೆ ಏನೇನು ಸಿಕ್ಕಿತು ಎಂದು ಅಳೆಯುವ ‘ಜೆಂಡರ್ ಆಡಿಟ್’ ಅನ್ನು ಅರ್ಧ ದಿನದಲ್ಲಿ ಮಾಡಿಕೊಡುತ್ತೇವೆ ಅನ್ನುವವರನ್ನು ಕರೆಸಬಹುದೇ?

ಊಟದ ಖರ್ಚೂ ದಂಡ. ಗುಂಪು ಫೋಟೊ ತೆಗೆದುಕೊಂಡು ಹೋಗುತ್ತಾರೆ.

ಪ್ರಶ್ನೆ: ಕಾಡಿನ ಭೂಮಿಯ ಹಕ್ಕಿಗೆ ಬಂದ ಅರ್ಜಿ ಪರಿಶೀಲಿಸುವ ನಮ್ಮೂರ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಮಹಿಳೆಯರಿದ್ದಾರೆ. ಸಾಕಲ್ಲವೇ?

ಅದು ನಿಯಮ ಹೇಳುವ ಕನಿಷ್ಠ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಮದುವೆಯಾದವರ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು. ನಿಮ್ಮೂರಿನ ಹಕ್ಕುಪತ್ರಗಳನ್ನು ಒಂದೊಂದಾಗಿ ತೆಗೆದು ಓದಿ, ಆಮೇಲೆ ನನಗೆ ಬರೆಯಿರಿ.